ಬಿಸಿಲಿಗಿಟ್ಟ ರೆಕಾರ್ಡು

ಆಗ ನನಗೆ ಅರವತ್ತೆಂಟು. ಅದಾಗಿ ಏಳು ವರ್ಷವಾಯಿತು. ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ ಮಗಳು ಅಳಿಯನ ಜೊತೆ ಇದ್ದೆ, ಈಗಲೂ ಅಲ್ಲೇ ಇದ್ದೇನೆ. ಮಗಳು ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ಗಣಿ ಎಂಜಿನಿಯರು. ಎರಡು ವಾರ ವಿಮಾನದಲ್ಲಿ ಉತ್ತರಕ್ಕೆ ಹೋಗಿ ಗಣಿಯಲ್ಲಿರುತ್ತಾನೆ, ಒಂದು ವಾರ ಮನೆಯಲ್ಲಿರುತ್ತಾನೆ. ನಾನು ಮೈಸೂರಿನಲ್ಲಿ ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದವಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಕನ್ನಡ ನಿಧಾನಕ್ಕೆ ಬರೆಯುತ್ತೇನೆ, ಕಾಗುಣಿತ ಮಗಳು ತಿದ್ದಿಕೊಡುತ್ತಾಳೆ. ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಅಂಕಿ ಬರುತ್ತದೆ.

ಅಳಿಯನಿಗೆ ಒಂದು ಹುಚ್ಚು. ಈ ದೇಶದ ಹಳೇ ಹಾಡಿನ ರೆಕಾರ್ಡು ಹುಡುಕಿ ತಂದು ಕೂಡಿಡುವುದು. ಹೆಸರು ಮಾಡಿದವರದ್ದಲ್ಲ. ನಾಲ್ಕೈದು ಹುಡುಗರು ಸೇರಿ ಗಿಟಾರು ಡ್ರಮ್ಮು ಬಾರಿಸಿ ಒಂದೋ ಎರಡೋ ರೆಕಾರ್ಡು ಮಾಡಿರುತ್ತಾರೆ, ಅದನ್ನು ಯಾರೂ ಕೊಂಡಿರುವುದಿಲ್ಲ, ಆಮೇಲೆ ಒಬ್ಬ ಮಾಂಸದಂಗಡಿಗೆ, ಒಬ್ಬ ರೈಲ್ವೆಗೆ ಕೆಲಸಕ್ಕೆ ಹೋಗಿರುತ್ತಾನೆ. ಅಂಥವರದ್ದು. ಗರಾಜಿನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಗೋಡೆಯುದ್ದಕ್ಕೂ ರೆಕಾರ್ಡು.

"ಯಾಕೆ ಇದೆಲ್ಲ?" ಎಂದು ಬಂದ ಹೊಸದರಲ್ಲಿ ಕೇಳಿದ್ದೆ.

"ಅತ್ತೆ, ಇವ್ರನ್ನ ಇವ್ರೂರೋರೇ ಮರ್ತ್ಬಿಟ್ಟಿದ್ದಾರೆ."

"ಮರೆತ್ರೆ ಮರೀಲಿ ಬಿಡಿ. ನಿಮ್ಗೇನಾಗ್ಬೇಕು?"

ಅವನು ನಕ್ಕ. ಓದಲು ಒಬ್ಬನೇ ಬಂದಿದ್ದಾಗ ಬಾಡಿಗೆ ರೂಮಿನಲ್ಲಿ ಒಂದು ರೇಡಿಯೋ ಇತ್ತಂತೆ, ಭಾನುವಾರ ಮಧ್ಯಾಹ್ನ ಯಾರೋ ಇಂಥ ಹಾಡು ಹಾಕುತ್ತಿದ್ದರಂತೆ. ಅಷ್ಟು ಮಾತ್ರ ಹೇಳಿದ.

ಯುಗಾದಿ ಊಟಕ್ಕೆ ನಮ್ಮ ಕಡೆಯವರೆಲ್ಲ ಸೇರಿದಾಗ ಒಬ್ಬಾಕೆ ನನ್ನ ಪಕ್ಕ ಬಂದು ಕೂತು, "ಆಂಟಿ, ನಿಮ್ಮಳಿಯ ಇನ್ನೊಂದು ಮನೆ ತಗೊಳ್ಳೋದು ಬಿಟ್ಟು ಗುಜರಿ ತುಂಬ್ಕೋತಿದಾರಂತೆ?" ಎಂದಳು.

"ಹೌದಮ್ಮ. ನಿಮ್ಮನೇಲಿ ಹಳೇದೇನಾದ್ರೂ ಇದ್ರೆ ಕೊಟ್ಕಳ್ಸು. ಯಜಮಾನ್ರೊಬ್ರನ್ನ ಬಿಟ್ಟು."

ಅವಳು ಮತ್ತೆ ನನ್ನ ಪಕ್ಕ ಕೂರಲಿಲ್ಲ.

ಹುಚ್ಚು ಅವನದ್ದು, ಕೆಲಸ ನನ್ನದೂ ಆಯಿತು. ಮನೆಯಲ್ಲಿ ಕೂತು ಮಾಡುವುದೇನು? ಶನಿವಾರ ಬೆಳಿಗ್ಗೆ ಅವನು ಹಳೇ ಸಾಮಾನು ಮಾರುವ ಮನೆಗಳಿಗೆ ಹೊರಟರೆ ನಾನೂ ಕಾರು ಹತ್ತುತ್ತಿದ್ದೆ. ರೆಕಾರ್ಡಿನ ನಡುವೆ ಅಂಟಿಸಿರುವ ದುಂಡು ಕಾಗದದ ಬಣ್ಣಗಳನ್ನು ಅವನು ಫೋನಿನಲ್ಲಿ ತೋರಿಸಿದ್ದ. ಇಂಥ ಕಿತ್ತಳೆ, ಇಂಥ ಹಸಿರು, ಅದರ ಕೆಳಗೆ ಇಂಥ ಅಂಕಿ. ಬೇಕಾದ ಅಂಕಿಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಟ್ಟಿದ್ದ. ನನ್ನ ಕೈ ಅವನಿಗಿಂತ ಬೇಗ ಓಡುತ್ತಿತ್ತು. ಅವನು ಹೆಸರು ಓದುತ್ತ ನಿಂತುಬಿಡುತ್ತಿದ್ದ. ನನಗೆ ಓದುವ ಕಷ್ಟವಿಲ್ಲ, ಬಣ್ಣ ನೋಡು, ಅಂಕಿ ನೋಡು, ಮುಂದಕ್ಕೆ ತಳ್ಳು. ಮಗಳ ಮದುವೆಯಾದ ಮೇಲೆ ಹತ್ತು ವರ್ಷ ಅವನಿಗೆ ಬಹುವಚನ ಕೊಟ್ಟಿದ್ದೆ. ಜೊತೆಯಲ್ಲಿ ಧೂಳು ಕುಡಿಯಲು ಶುರುಮಾಡಿದ ಮೇಲೆ ಏಕವಚನಕ್ಕೆ ಇಳಿಸಿದೆ. ಅವನಿಗೂ ಅದೇ ಹಿತವಾದ ಹಾಗಿತ್ತು.

ತಂದದ್ದನ್ನು ತೊಳೆಯುವವಳೂ ನಾನೇ. ಕಾಯಿಸಿ ಆರಿಸಿದ ನೀರು, ಪಾತ್ರೆ ಸೋಪು ಒಂದು ತೊಟ್ಟು, ಹಳೇ ಹತ್ತಿ ಸೀರೆಯ ತುಂಡು. ಗೆರೆ ಹೋದ ದಾರಿಯಲ್ಲೇ ಬಟ್ಟೆ ಹೋಗಬೇಕು, ನಡುವಿನ ಕಾಗದ ನೆನೆಯಬಾರದು. ಆಮೇಲೆ ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಬೇಕು. ನೆರಳಲ್ಲೇ. ಒಂದು ಸಲ ಮೂರು ರೆಕಾರ್ಡನ್ನು ಕಾರಿನಲ್ಲಿ ಬಿಟ್ಟು ತರಕಾರಿಗೆ ಹೋಗಿದ್ದೆವು. ಬರುವಷ್ಟರಲ್ಲಿ ಮೂರೂ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಹಾಡು ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಎಲ್ಲವೂ ಒಂದೇ ಗದ್ದಲ. ಅವನು ಹಾಕಿದಾಗ ನಾನು ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ.

ಆ ವರ್ಷ ಫೆಬ್ರವರಿಯಲ್ಲಿ ಎಲೆನ್‌ಬ್ರೂಕ್‌ನ ಒಂದು ಮನೆಗೆ ಹೋದೆವು. ಯಾರೋ ಮನೆ ಖಾಲಿ ಮಾಡುತ್ತಿದ್ದರು. ಅಳಿಯ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಪೆಟ್ಟಿಗೆಗಳಿಗೆ ಕೈ ಹಾಕಿದೆವು. ಮೂರನೇ ಪೆಟ್ಟಿಗೆಯ ತಳದಲ್ಲಿ ಒಂದು ರೆಕಾರ್ಡು ಕೈಗೆ ಭಾರವಾಗಿ ಬಂತು. ನಡುವಿನ ಕಾಗದ ಬಿಳಿ, ಅಚ್ಚಾಗಿಲ್ಲ, ಇಂಕಿನಲ್ಲಿ ಕೈಬರಹ. ತೂತಿನ ಅಂಚಿನಲ್ಲಿ ಬಿಳಿ ತಗಡು ಹೊಳೆಯುತ್ತಿತ್ತು. "ತೂತಿನಂಚಲ್ಲಿ ತಗಡು ಕಂಡ್ರೆ ತಕ್ಷಣ ನನ್ನ ಕರೀರಿ ಅತ್ತೆ" ಎಂದು ಅವನು ಮೊದಲೇ ಹೇಳಿದ್ದ. ಅಂಗಡಿಗಾಗಿ ಅಚ್ಚು ಹಾಕುವ ಮೊದಲು, ಹಾಡಿದವರಿಗೆ ಕೇಳಿಸಲೆಂದು ಸ್ಟುಡಿಯೋದಲ್ಲಿ ಒಂದೊಂದಾಗಿ ಕೊರೆದುಕೊಡುತ್ತಿದ್ದ ರೆಕಾರ್ಡು ಅದು. ತಗಡಿನ ಮೇಲೆ ಕಪ್ಪು ಅರಗಿನಂಥದ್ದನ್ನು ಬಳಿದಿರುತ್ತಾರೆ, ಗೆರೆಯೆಲ್ಲ ಆ ಅರಗಿನಲ್ಲೇ.

ನಾನು ಅಳಿಯನನ್ನು ಕೂಗುವ ಮೊದಲೇ ಮಾರುವವನು ಬಂದ. ಚಡ್ಡಿ ಹಾಕಿದ ದಪ್ಪ ಗಂಡಸು. ನಾನು ಕೇಳಬೇಕೆಂದಿದ್ದೇನೆ ಎಂದುಕೊಂಡು ನನ್ನ ಕೈಯಿಂದ ತೆಗೆದುಕೊಂಡು, ಮೇಜಿನ ಮೇಲೆ ಮಾರಲಿಟ್ಟಿದ್ದ ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿಯೇಬಿಟ್ಟ. ಹಾಡು ಬಂತು. ಅರ್ಧ ನಿಮಿಷವಿರಬಹುದು. ಬಿಸಿಲು ನೆತ್ತಿ ಸುಡುತ್ತಿತ್ತು, ತಲೆ ಸಿಡಿಯುತ್ತಿತ್ತು. ಸಾಕಪ್ಪ ನಿಲ್ಲಿಸು ಎಂದು ಕೈಮಾಡಿದೆ. ಅವನು ಮುಳ್ಳು ಎತ್ತಿದ.

ಅಳಿಯ ಓಡಿಬಂದವನು ಕಾಗದ ಓದಿ ಹಾಗೇ ನಿಂತ. ಎಷ್ಟು ಕೇಳಿದರೋ ಅಷ್ಟು ಕೊಟ್ಟ, ಚೌಕಾಸಿ ಮಾಡಲಿಲ್ಲ. ಕಾರಿನಲ್ಲಿ ಕೂತ ಮೇಲೂ ಗಾಡಿ ಶುರುಮಾಡಲಿಲ್ಲ.

"ಹಾಕಿಸಿ ಕೇಳಿದ್ರಾ?"

"ಅವ್ನೇ ಹಾಕ್ದ. ನಾನು ನಿಲ್ಲಿಸ್ದೆ."

"ಸದ್ಯ. ಒಳ್ಳೇ ಕೆಲ್ಸ ಮಾಡಿದ್ರಿ. ಇಂಥದಕ್ಕೆ ಒಂದೊಂದು ಸಲ ಮುಳ್ಳು ಇಟ್ಟಾಗ್ಲೂ ಅರಗು ಸವೆಯುತ್ತೆ."

ಆಮೇಲೆ ಹೇಳಿದ. ಅಡಿಲೇಡ್‌ನಲ್ಲಿ ಒಬ್ಬರಿದ್ದಾರೆ. ಹತ್ತೊಂಬತ್ತು ವರ್ಷದವರಾಗಿದ್ದಾಗ ಪರ್ತ್‌ನಲ್ಲಿ ಸ್ನೇಹಿತರ ಜೊತೆ ಎರಡು ಹಾಡು ಹಾಡಿದ್ದರು, ಒಂದೊಂದು ಬದಿಗೆ ಒಂದೊಂದು. ಕೊರೆದದ್ದು ಐದೇ ರೆಕಾರ್ಡು. ಅದು ಅಂಗಡಿಗೆ ಬರಲೇ ಇಲ್ಲ. ಅವರ ಕೈಗೆ ಬಂದದ್ದು ಯಾವುದೋ ಊರು ಬಿಡುವಾಗ ಕಳೆದುಹೋಯಿತು. ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದಾರೆ. ಮಾತಿಲ್ಲ. ರೆಕಾರ್ಡು ಕೂಡಿಡುವವರೆಲ್ಲ ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಕಡೆ ಅವರೊಂದು ಕೋರಿಕೆ ಹಾಕಿದ್ದರು. ನನ್ನ ಧ್ವನಿ ಎಲ್ಲೂ ಉಳಿದಿಲ್ಲ, ಆ ರೆಕಾರ್ಡು ಯಾರ ಹತ್ತಿರವಾದರೂ ಇದ್ದರೆ ಒಂದು ಸಲ ಕೇಳಿಸಿ, ಇಟ್ಟುಕೊಳ್ಳುವುದಿಲ್ಲ ಎಂದು. ಅಳಿಯ ಒಂದು ವರ್ಷದಿಂದ ಅವರಿಗೆ ಬರೆಯುತ್ತಿದ್ದ, ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ ಎಂದು.

ಅಲ್ಲೇ ಕಾರಿನಲ್ಲೇ ಫೋಟೋ ತೆಗೆದು ಕಳಿಸಿದ. ದಾರಿಯಲ್ಲಿ ಬಂಕಿನಲ್ಲಿ ಪೆಟ್ರೋಲು ಹಾಕಿಸುವಷ್ಟರಲ್ಲಿ ಉತ್ತರ ಬಂತು.

"ಏನಂತೆ?"

"ಯಾವತ್ತು ಕೇಳ್ಬಹುದು ಅಂತ. ಅಷ್ಟೇ ಬರ್ದಿದ್ದಾರೆ."

ಮನೆಯಲ್ಲಿ ಅದನ್ನು ಹಾಕುವಂತಿರಲಿಲ್ಲ. ಬ್ರಿಸ್ಬೇನ್‌ನ ರನ್‌ಕಾರ್ನ್‌ನಲ್ಲಿ ರೇಡಿಯೋ ಕೆಲಸ ಮಾಡಿ ನಿವೃತ್ತನಾದ ಒಬ್ಬನಿದ್ದ. ಅವನ ಹತ್ತಿರ ಕೂದಲಿನಷ್ಟು ಹಗುರದ ಮುಳ್ಳಿನ ಯಂತ್ರವಿತ್ತು. ಅವನು ಒಂದೇ ಸಲ ಹಾಕಿ ಕಂಪ್ಯೂಟರಿಗೆ ತುಂಬಿಕೊಡುತ್ತಾನೆ, ಅಲ್ಲಿಂದ ಅಡಿಲೇಡ್‌ಗೆ ಹೋಗಿ ಕೇಳಿಸುವುದು. ಅಂಚೆಯನ್ನು ಅಳಿಯ ನಂಬಲಿಲ್ಲ. ಮುಂದಿನ ರಜೆಯ ವಾರಕ್ಕೆ ಟಿಕೆಟ್ ಮಾಡಿದ. ಆಸೆ ತಡೆದುಕೊಂಡು ತಾನೂ ಕೇಳಲಿಲ್ಲ. ಗಣಿಗೆ ಹೊರಡುವ ಬೆಳಿಗ್ಗೆ ರೆಕಾರ್ಡನ್ನು ಹೊಸ ಕಾಗದದ ಕವರಿಗೆ ಹಾಕಿ, ಹಾಸಿಗೆ ಬಟ್ಟೆಯ ಬೀರುವಿನಲ್ಲಿ ನಿಲ್ಲಿಸಿ, "ಇದೊಂದನ್ನ ತೊಳೀಬೇಡಿ ಅತ್ತೆ" ಎಂದ.

ನಾನು ತೊಳೆಯಲಿಲ್ಲ.

ಅವನು ಹೋಗಿ ಹತ್ತನೇ ದಿನ ದುಪ್ಪಟಿ ತೆಗೆಯಲು ಬೀರು ತೆರೆದೆ. ಹೇಗಿದೆಯೋ ನೋಡೋಣವೆಂದು ಕವರಿನಿಂದ ಈಚೆಗೆಳೆದೆ. ಕಪ್ಪಿನ ಮೇಲೆ ಅಲ್ಲಲ್ಲಿ ಬೆಳ್ಳಗೆ ಬೂಷ್ಟು. ಮೊದಲೇ ಇತ್ತೋ, ನಮ್ಮ ಮನೆಗೆ ಬಂದು ಹಿಡಿಯಿತೋ ಗೊತ್ತಿಲ್ಲ. ಒಣಬಟ್ಟೆಯಲ್ಲಿ ಒರೆಸಿದೆ. ಜಿಡ್ಡು ಜಿಡ್ಡಾಗಿ ಸವರಿಕೊಂಡಿತೇ ಹೊರತು ಹೋಗಲಿಲ್ಲ. ಅಳಿಯನಿಗೆ ಫೋನು ಮಾಡಿದೆ, ಶಿಫ್ಟಿನಲ್ಲಿದ್ದ, ಎತ್ತಲಿಲ್ಲ. ಮಗಳಿಗೆ ಮಾಡಿದೆ, ಅವಳೂ ಎತ್ತಲಿಲ್ಲ. ಅವನು ಬರಲು ಇನ್ನೂ ನಾಲ್ಕು ದಿನ. ಬೂಷ್ಟು ನಾಲ್ಕು ದಿನದಲ್ಲಿ ಎಷ್ಟು ಹಬ್ಬುತ್ತದೆಂದು ನನಗೆ ಗೊತ್ತು. ಐವತ್ತು ವರ್ಷ ಅದೇ ಕೆಲಸ ಮಾಡಿದ್ದೇನೆ. ಹಪ್ಪಳಕ್ಕೆ ಹಿಡಿದರೂ, ಬೇಳೆಗೆ ಹಿಡಿದರೂ, ರೇಷ್ಮೆ ಸೀರೆಗೆ ಹಿಡಿದರೂ ಯಾರನ್ನೂ ಕೇಳುವುದಿಲ್ಲ, ಬಿಸಿಲಿಗೆ ಹಾಕುತ್ತೇವೆ. ಬೇರೆ ರೆಕಾರ್ಡಾಗಿದ್ದರೆ ಹಾಕುತ್ತಿರಲಿಲ್ಲ, ಸೊಟ್ಟಗಾಗುತ್ತದೆ. ಇದರೊಳಗೆ ತಗಡಿದೆಯಲ್ಲ, ಬಗ್ಗುವುದಿಲ್ಲ ಎಂದುಕೊಂಡೆ. ಅಷ್ಟು ಯೋಚನೆ ಮಾಡಿಯೇ ಇಟ್ಟದ್ದು. ಯೋಚಿಸದೆ ಮಾಡಿದೆ ಎಂದು ಯಾರೂ ಹೇಳುವಂತಿಲ್ಲ.

ಹಿತ್ತಿಲಿನ ಮೇಜಿನ ಮೇಲೆ ಬಾಳಕದ ಮೆಣಸಿನಕಾಯಿ ಒಣಗಲು ಹಾಕಿದ್ದೆ. ಅದರ ಪಕ್ಕ ಒಂದು ಸ್ಟೀಲು ತಟ್ಟೆಯಲ್ಲಿ ರೆಕಾರ್ಡು ಇಟ್ಟೆ. ಹತ್ತು ಗಂಟೆ. ಆ ದಿನ ನಲವತ್ತೊಂದು ಡಿಗ್ರಿ. ಒಂದು ಗಂಟೆ ಬಿಟ್ಟು ಹೋಗಿ ಮಗುಚಿ ಹಾಕಿದೆ, ಹಪ್ಪಳ ಮಗುಚುವ ಹಾಗೆ. ಊಟ ಮಾಡಿದೆ. ಕಣ್ಣು ಹತ್ತಿತು.

ಎದ್ದಾಗ ಮೂರು ಗಂಟೆ. ಮೇಜಿನ ಹತ್ತಿರ ಹೋದರೆ ಚಿಟಿಚಿಟಿ ಸದ್ದು. ಕಪ್ಪೆಲ್ಲ ಬಿರುಕು ಬಿಟ್ಟು, ಅಂಚು ಮೇಲಕ್ಕೆದ್ದು, ಚೂರು ಚೂರಾಗಿ ಸುರುಳಿ ಸುತ್ತಿತ್ತು. ಕೆಳಗಡೆ ತಗಡು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಒಂದು ಚೂರನ್ನು ಬೆರಳಿನಿಂದ ಒತ್ತಿ ಕೂರಿಸಲು ನೋಡಿದೆ. ಅದು ಬೆರಳಿಗೇ ಅಂಟಿಕೊಂಡು ಬಂತು. ನೆರಳಿಗೆ ತಂದೆ. ನೆರಳಿನಲ್ಲೂ ಸದ್ದು ನಿಲ್ಲಲಿಲ್ಲ. ತಣ್ಣಗಾದರೆ ಬಿಗಿದುಕೊಳ್ಳಬಹುದೆಂದು ತಟ್ಟೆಯ ಸಮೇತ ಫ್ರಿಜ್ಜಿನಲ್ಲಿಟ್ಟೆ. ಹತ್ತು ನಿಮಿಷ ಬಿಟ್ಟು ತೆರೆದರೆ ಅಂಟಿಕೊಂಡಿದ್ದದ್ದೂ ಬಿಟ್ಟುಕೊಂಡಿತ್ತು. ಬಾಗಿಲು ಮುಚ್ಚಿ ಅಡಿಗೆಮನೆಯ ನೆಲದ ಮೇಲೆ ಕೂತೆ.

ಸಂಜೆ ಮಗಳು ಬಂದು ನೀರಿಗೆಂದು ಫ್ರಿಜ್ಜು ತೆರೆದಳು.

"ಅಮ್ಮಾ. ಇದೇನು?"

"ರೆಕಾರ್ಡು."

"ಯಾವ ರೆಕಾರ್ಡು?"

"ಅದೇ."

ಅವಳು ಬಾಟಲಿ ಹಿಡಿದುಕೊಂಡೇ ನಿಂತಳು. "ನಿಂಗೆ ಪ್ರಪಂಚದಲ್ಲಿರೋದೆಲ್ಲ ಸಂಡಿಗೇನಾ ಅಮ್ಮ? ಅವ್ನು ತೊಳೀಬೇಡಿ ಅಂದಿರ್ಲಿಲ್ವಾ?"

"ತೊಳೀಲಿಲ್ಲವಲ್ಲೇ."

ಅವಳಿಗೆ ಅಳು ಬಂತು. ಡಾಕ್ಟರಾದರೂ ಬೇಗ ಅಳುತ್ತಾಳೆ. ನನಗೆ ಬರಲಿಲ್ಲ. ಅವನಿಗೆ ತಾನೇ ಹೇಳುತ್ತೇನೆ ಎಂದಳು. ನಾನು ಬಿಡಲಿಲ್ಲ. ಶಿಫ್ಟು ಮುಗಿಸಿ ಅವನು ಫೋನು ಮಾಡಿದಾಗ ನಡೆದದ್ದನ್ನು ನಡೆದ ಹಾಗೆ ಹೇಳಿದೆ.

"ಎರಡೂ ಕಡೆನಾ ಅತ್ತೆ?"

"ಎರಡೂ ಕಡೆ. ಮಗುಚಿ ಹಾಕಿದ್ದೆ."

"ಸರಿ. ಊಟ ಆಯ್ತಾ?"

"ಇಲ್ಲ."

"ಮಾಡಿ."

ಬಂದ ಮೇಲೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಇಬ್ಬರಿಗೂ ಅನುಕೂಲವಾಗುತ್ತಿತ್ತು. ಕೇಕಿನ ಡಬ್ಬಿಗೆ ಹತ್ತಿ ಹಾಸಿ, ತಗಡನ್ನೂ ಉದುರಿದ ಚೂರುಗಳನ್ನೂ ಇಕ್ಕಳದಲ್ಲಿ ಎತ್ತೆತ್ತಿ ಇಟ್ಟ. ಬ್ರಿಸ್ಬೇನ್‌ನವನು ಏನಾದರೂ ಮಾಡಬಹುದು ಎಂದ. ಅಡಿಲೇಡ್‌ಗೆ ಇನ್ನೂ ತಿಳಿಸಿರಲಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದನಂತೆ.

"ನಂಗೂ ಟಿಕೆಟ್ ಮಾಡು" ಎಂದೆ.

ಮಗಳು ಅಡ್ಡ ಬಂದಳು. "ನೀನ್ಯಾಕೆ? ಅಲ್ಲಿ ಹೋಗಿ ಏನ್ ಹೇಳ್ತೀಯ? ಇಂಗ್ಲಿಷ್ ಬರುತ್ತಾ?"

"ಬರಲ್ಲ. ಯಾರು ಹಾಳ್ ಮಾಡಿದ್ದು ಅಂತ ಅವ್ರು ಮುಖ ನೋಡ್ಬೇಕು. ಅದಕ್ಕೆ ಇಂಗ್ಲಿಷ್ ಬೇಕಾಗಿಲ್ಲ."

ಐದು ಗಂಟೆ ವಿಮಾನ. ಅಳಿಯ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ರನ್‌ಕಾರ್ನ್‌ನ ಆ ಮನುಷ್ಯ ನಮ್ಮನ್ನು ಹಿತ್ತಿಲಿನ ಶೆಡ್ಡಿಗೆ ಕರೆದುಕೊಂಡು ಹೋದ. ಒಳಗೆಲ್ಲ ಯಂತ್ರ. ದೀಪ ಹಚ್ಚಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಹೊರಗಿನ ಅಂಚಿನಲ್ಲಿ ಬೆಂಕಿಕಡ್ಡಿಯಷ್ಟು ಅಗಲ ಅರಗು ಇನ್ನೂ ಬಿಡದೆ ಉಳಿದಿತ್ತು. ಅದರ ಮೇಲೆ ಮುಳ್ಳು ಇಟ್ಟು ರೆಕಾರ್ಡನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದ. ಖರ್ ಎಂದಿತು. ಇನ್ನೊಮ್ಮೆ ತಿರುಗಿಸಿದ. ಖರ್. ಅದು ಹಾಡು ಶುರುವಾಗುವ ಮೊದಲಿನ ಖಾಲಿ ಗೆರೆಯಂತೆ. ಆಮೇಲೆ ಅಳಿಯನ ಕಡೆ ತಿರುಗಿ ಏನೇನೋ ಹೇಳಿದ, ಬಹಳ ಹೊತ್ತು ಹೇಳಿದ.

"ಏನಂತೆ?"

"ಆಗಲ್ವಂತೆ."

"ಅಷ್ಟೊತ್ತು ಮಾತಾಡಿದ್ನಲ್ಲೋ?"

"ಅಷ್ಟೊತ್ತೂ ಅದೇ ಅತ್ತೆ."

ಹೊರಡುವಾಗ ಆ ಮನುಷ್ಯ ನನಗೆ ಕೈಕುಲುಕಿದ. ನಾನೇ ಮಾಡಿದ್ದೆಂದು ಅಳಿಯ ಅವನಿಗೆ ಹೇಳಿದ್ದನೋ ಇಲ್ಲವೋ.

ಮಾರನೆಯ ದಿನ ಮಧ್ಯಾಹ್ನ ಅಡಿಲೇಡ್. ಇಟ್ಟಿಗೆಯ ಚಿಕ್ಕ ಮನೆ. ನಾವು ಗೇಟು ತೆರೆಯುವ ಮೊದಲೇ ಅವರು ಬಾಗಿಲಲ್ಲಿ ನಿಂತಿದ್ದರು. ಉದ್ದನೆಯ ಆಳು, ಎಪ್ಪತ್ತು ದಾಟಿದವರು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಶರಟಿಗೆ ಇಸ್ತ್ರಿ ಹಾಕಿದ್ದರು. ಅವರು ಈಗಿಲ್ಲ, ನಾಲ್ಕು ವರ್ಷವಾಯಿತು. ಒಳಗೆ ಮೇಜಿನ ಮೇಲೆ ಬಿಸ್ಕತ್ತು, ಕಿವಿಗೆ ಹಾಕಿಕೊಳ್ಳುವ ಹೊಸ ಹೆಡ್‌ಫೋನು, ಅದರ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಮಾತಿಲ್ಲವಲ್ಲ, ದಪ್ಪ ಪೆನ್ನಿನಲ್ಲಿ ಒಂದು ದೊಡ್ಡ ಪುಸ್ತಕದಲ್ಲಿ ಬರೆದು ಹಾಳೆ ನಮ್ಮ ಕಡೆ ತಿರುಗಿಸುತ್ತಿದ್ದರು. ಅವರು ಬರೆದದ್ದು ನನಗೆ ಓದಲು ಬಾರದು. ಓದಲು ಬರುವ ಅಳಿಯ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ.

ಅವರು ಡಬ್ಬಿಗೆಂದು ಎರಡೂ ಕೈ ಚಾಚಿದರು.

"ಹೇಳು" ಎಂದೆ ಅಳಿಯನಿಗೆ.

"ಹೆಂಗೆ ಹೇಳ್ಲಿ ಅತ್ತೆ?"

"ನಾನು ಹೇಳ್ತೀನಿ, ನೀನು ಇಂಗ್ಲಿಷ್ ಮಾಡು. ನಾನು ಹಾಳ್ ಮಾಡ್ದೆ. ಬೂಷ್ಟು ಹಿಡ್ದಿದೆ ಅಂತ ಬಿಸಿಲಿಗಿಟ್ಟೆ. ಅವ್ನು ಊರಲ್ಲಿರ್ಲಿಲ್ಲ. ರಿಪೇರಿ ಆಗಲ್ವಂತೆ. ಒಂದು ಅಕ್ಷರ ಬಿಡ್ದೆ ಹೇಳು."

ಅವನು ಹೇಳಿದ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರು, ಇಟ್ಟರು. ತಗಡಿನ ನಡುವೆ ಬಿಳಿ ಕಾಗದ ಮಾತ್ರ ಏನೂ ಆಗದೆ ಹಾಗೇ ಇತ್ತು. ಅದರ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಪುಸ್ತಕದಲ್ಲಿ ಬರೆದರು. ಅಳಿಯ ಓದಿ ಹೇಳಿದ. ಸ್ಟುಡಿಯೋದವನು ಖಾಲಿ ಕಾಗದ ಅಂಟಿಸಿ ಕೊಟ್ಟಿದ್ದ, ಐದರ ಮೇಲೂ ತಾವೇ ಕೂತು ಹೆಸರು ಬರೆದದ್ದು ಎಂದು. ತಮ್ಮ ಗುಂಪಿನ ಹೆಸರನ್ನು ಅವರು ಹಾಳೆಯ ಮೇಲೆ ಇನ್ನೊಮ್ಮೆ ಬರೆದು ತೋರಿಸಿದರು. ಎರಡೂ ಒಂದೇ ಕೈ. ಕಡೆಯ ಅಕ್ಷರದ ಬಾಲ ಕೆಳಕ್ಕೆಳೆದು ಎಡಕ್ಕೆ ಕೊಂಕಿಸಿದ್ದು ಅಲ್ಲೂ ಹಾಗೇ, ಇಲ್ಲೂ ಹಾಗೇ.

ಆಮೇಲೆ ಒಂದು ಚಿಕ್ಕ ಸಾಲು ಬರೆದರು.

"ಯಾರಾದ್ರೂ ಕೇಳಿದ್ರಾ ಅಂತಿದ್ದಾರೆ" ಎಂದ ಅಳಿಯ. "ನಾನು ಕೇಳಿಲ್ಲ ಅಂತ ಹೇಳ್ತೀನಿ."

"ನಾನು ಕೇಳಿದೀನಿ ಅಂತ ಹೇಳು."

ಅವನು ಹೇಳಿದ. ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಹಾಳೆ ತುಂಬ ಬರೆದರು. ಬರೆಯುವಾಗ ಕುತ್ತಿಗೆಯ ಬಟ್ಟೆ ಒಳಕ್ಕೂ ಹೊರಕ್ಕೂ ಹೋಗುತ್ತಿತ್ತು, ಉಸಿರೆಲ್ಲ ಅಲ್ಲಿಂದಲೇ. ಅಳಿಯ ಓದುತ್ತ ಹೋದ. ಧ್ವನಿ ಹೇಗಿತ್ತು? ಮೇಲಕ್ಕೆ ಹೋದಾಗ ಒಡೆಯಿತಾ? ಡ್ರಮ್ಮು ಮೊದಲು ಬಂತಾ, ನಾನು ಮೊದಲಾ? ಚೆನ್ನಾಗಿತ್ತಾ?

ನಾನು ಕಣ್ಣು ಮುಚ್ಚಿಕೊಂಡು ನೆನಪು ಮಾಡಿಕೊಂಡೆ. ನಿಜವಾಗಿಯೂ ಮಾಡಿಕೊಂಡೆ. ಆ ಮಾರುವವನ ಮಂಡಿಗೆ ಹಚ್ಚಿದ್ದ ಪ್ಲಾಸ್ಟರು ನೆನಪಾಯಿತು. ಅವನು ಮೈಗೆ ಬಳಿದುಕೊಂಡಿದ್ದ ಬಿಸಿಲಿನ ಕ್ರೀಮಿನ ವಾಸನೆ ನೆನಪಾಯಿತು. ಮೇಜಿನ ಮೇಲೆ ಒಂದು ಕಿವಿ ಮುರಿದ ಪಿಂಗಾಣಿ ನಾಯಿ ಇತ್ತು. ಹಾಡು ಬರಲಿಲ್ಲ. ಒಂದು ಸದ್ದೂ ಬರಲಿಲ್ಲ. ಐವತ್ತು ಚಿಲ್ಲರೆ ವರ್ಷದಲ್ಲಿ ಅದನ್ನು ಕೇಳಿದ್ದು ನಾನು ಮತ್ತು ಆ ಚಡ್ಡಿಯವನು. ನಾನು ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

"ಜ್ಞಾಪಕ ಇಲ್ಲ ಅಂತ ಹೇಳು."

ಅವನು ಹೇಳಿದ. ಅವರು ಕೈಯೆತ್ತಿ, ಪರವಾಗಿಲ್ಲ, ಯೋಚನೆ ಮಾಡಿ ಎನ್ನುವ ಹಾಗೆ ಮಾಡಿದರು. ಕಾದರು. ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿ ತೋರಿಸಿದರು, ಹೀಗಿತ್ತಾ ಎಂದು. ನಾನು ಗೊತ್ತಿಲ್ಲವೆಂದು ತಲೆ ಆಡಿಸಿದೆ. ಇನ್ನೊಂದು ಥರ ತಟ್ಟಿದರು. ಅದಕ್ಕೂ ತಲೆ ಆಡಿಸಿದೆ. ಹೌದು ಎಂದುಬಿಡಬಹುದಿತ್ತು. ಯಾವುದಕ್ಕೆ ಹೌದೆನ್ನಲಿ?

"ನಿಜ ಹೇಳ್ಬಿಡು" ಎಂದೆ ಅಳಿಯನಿಗೆ. "ನಂಗೆ ಅದು ಇಷ್ಟ ಆಗ್ಲಿಲ್ಲ. ಬಿಸಿಲು, ತಲೆನೋವು. ಸಾಕು ಅಂತ ನಾನೇ ಕೈಮಾಡಿ ನಿಲ್ಲಿಸ್ದೆ. ಅದಕ್ಕೇ ಜ್ಞಾಪಕ ಇಲ್ಲ."

"ಅತ್ತೆ, ಅದನ್ನೂ ಹೇಳ್ಬೇಕಾ?"

"ಕೇಳಿದ್ದಾರೆ. ಹೇಳು."

ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ. ನಾನು ಹೇಳಿದ್ದಕ್ಕಿಂತ ಉದ್ದವಿತ್ತೋ ಗಿಡ್ಡವಿತ್ತೋ ನನಗೆ ಅಳತೆ ಸಿಗಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದು, ಎರಡು ಸಲ ತಲೆಯಾಡಿಸಿದರು. ಅವನು ಏನು ಹೇಳಿದನೆಂದು ನಾನು ಇವತ್ತಿಗೂ ಕೇಳಿಲ್ಲ.

ಅವರು ಎದ್ದು ಹೋಗಿ ಟೀ ಮಾಡಿ ತಂದರು. ಸಕ್ಕರೆ ಎಷ್ಟೆಂದು ಬೆರಳು ತೋರಿಸಿ ಕೇಳಿದರು, ಎರಡು ಎಂದು ಬೆರಳು ತೋರಿಸಿದೆ. ಅವತ್ತೆಲ್ಲ ನಾವಿಬ್ಬರೂ ಯಾರ ಸಹಾಯವೂ ಇಲ್ಲದೆ ಆಡಿದ ಮಾತು ಅದೊಂದೇ. ಕುಡಿದೆವು. ಹೆಡ್‌ಫೋನನ್ನು ಅವರು ಮೇಜಿನ ಕೆಳಗೆ ಇಟ್ಟರು. ತಗಡನ್ನು ಇಟ್ಟುಕೊಂಡರು, ಚೂರುಗಳಿದ್ದ ಡಬ್ಬಿಯನ್ನು ನಮಗೇ ವಾಪಸು ಕೊಟ್ಟರು. ಏಳುವಾಗ ನಾನು ಅವರ ಪುಸ್ತಕದಿಂದ, ಗುಂಪಿನ ಹೆಸರು ಬರೆದಿದ್ದ ಹಾಳೆಯನ್ನು ಹರಿದುಕೊಂಡೆ. ಕೇಳಲು ಭಾಷೆ ಇರಲಿಲ್ಲ, ಹರಿದುಕೊಂಡೆ ಅಷ್ಟೆ. ಅವರು ನೋಡಿದರು, ಏನೂ ಮಾಡಲಿಲ್ಲ.

ಮೋಟೆಲಿನ ರೂಮಿನಲ್ಲಿ ಅಳಿಯ ಬೂಟು ಬಿಚ್ಚದೆ ಮಲಗಿಬಿಟ್ಟ.

"ಐದು ಅಂದ್ರಲ್ಲ" ಎಂದೆ. "ಮಿಕ್ಕಿದ್ದು ಎಲ್ಲಿ?"

"ಅವ್ರದ್ದು ಕಳ್ದೋಯ್ತು. ಡ್ರಮ್ಮಿನವ್ನ ಮನೇದು ಕಾಡ್ಗಿಚ್ಚಲ್ಲಿ ಸುಟ್ಟೋಯ್ತು. ಇನ್ನೆರಡು ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲ ಅತ್ತೆ. ಇಷ್ಟು ದೊಡ್ಡ ದೇಶ. ಮಲಕೊಳ್ಳಿ."

ಮಾರನೆಯ ಬೆಳಿಗ್ಗೆ ಅವನಿನ್ನೂ ಎದ್ದಿರಲಿಲ್ಲ. ವಿಮಾನ ಎರಡು ಗಂಟೆಗಿತ್ತು. ಮೋಟೆಲಿನ ಎದುರು ರಸ್ತೆಯಲ್ಲಿ ಹಳೇ ಬಟ್ಟೆ ಪಾತ್ರೆ ಮಾರುವ ಧರ್ಮ ಸಂಸ್ಥೆಯ ಅಂಗಡಿಯೊಂದಿತ್ತು, ಹಿಂದಿನ ದಿನ ಟ್ಯಾಕ್ಸಿಯಿಂದ ಇಳಿಯುವಾಗ ನೋಡಿದ್ದೆ. ಅವರು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ತೆಗೆದ ಮೇಲೆ, ಹಿಂದುಗಡೆ ರೆಕಾರ್ಡಿನ ನಾಲ್ಕು ಪೆಟ್ಟಿಗೆ ಇದ್ದ ಕಡೆ ನೆಲದ ಮೇಲೆ ಕೂತು, ಹಾಳೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, ಕೈಬರಹ ಕಂಡಲ್ಲೆಲ್ಲ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ನಾಲ್ಕರಲ್ಲೂ ಇರಲಿಲ್ಲ. ಅಂಗಡಿಯ ಹೆಂಗಸು ಬಂದು ಏನೋ ಕೇಳಿದಳು. ಹಾಳೆ ತೋರಿಸಿದೆ. ಅವಳು ಓದಿ, ಗೊತ್ತಿಲ್ಲವೆಂದು ಭುಜ ಕುಣಿಸಿದಳು. ಎರಡನೇ ಪೆಟ್ಟಿಗೆಯಲ್ಲಿ ಅವಸರ ಮಾಡಿದೆನೇನೋ ಅನ್ನಿಸಿ, ಅದನ್ನು ಹತ್ತಿರಕ್ಕೆ ಎಳೆದುಕೊಂಡು ಮೊದಲಿನಿಂದ ನೋಡಿದೆ.